ಔಷಧಿ ಹಾಲಾಗುವುದೇಕೆ?



ಬೆಳಗಾವಿ ನಗರಕ್ಕೆ ಸೇರಿದ ಅನಗೋಳದ ಸುತ್ತಿನ ಗದ್ದೆಗಳಲ್ಲಿ ಭತ್ತಕ್ಕೆ, ತರಕಾರಿಗೆ ಔಷಧಿ ಹೊಡೆಯುವವರೆಲ್ಲ ಕಂಡ ಸಂಗತಿಯಿದು: 'ಇ.ಸಿ.' ಎಂದು ಬರೆದ ಕೀಟನಾಶಕ ನೀರಿಗೆ ಬಿದ್ದೊಡನೆ ಹಾಲಿನಂತೆ ಬೆಳ್ಳಗಾಗುತ್ತದೆ. ಎಣ್ಣೆಗೂ ನೀರಿಗೂ ಕೂಡಿಬರುವುದಿಲ್ಲ. ಹಾಗಾದರೆ ಇದು ಹೇಗೆ?

ಕೀಟನಾಶಕವು ಎಣ್ಣೆಯಂಥ ದ್ರಾವಕದಲ್ಲಿ ಕರಗಿರುತ್ತದೆ. ಅದನ್ನು ನೀರಿನಲ್ಲಿ ಹಿಡಿದಿಡಲು ಬೇರೆ ಪದಾರ್ಥಗಳನ್ನು ಸೇರಿಸಿರುತ್ತಾರೆ. ಇವುಗಳಲ್ಲಿ 'ಬ್ಲಾಕ್ ಕೋಪಾಲಿಮರ್' ಒಂದು ಬಗೆ. ಇದರ ಅಣು ಸರಪಳಿಯಂತೆ ಉದ್ದ. ಸರಪಳಿಯ ಒಂದು ಭಾಗ ನೀರಿಗೆ ಒಲಿದರೆ, ಇನ್ನೊಂದು ಎಣ್ಣೆಗೆ ಒಲಿಯುತ್ತದೆ. ಹೀಗಾಗಿ ಅಣುಗಳು ತಾವಾಗಿಯೇ ಪ್ರತಿ ಎಣ್ಣೆಹನಿಯ ಸುತ್ತ ಸಾಲುಗಟ್ಟಿ, ಹನಿಗಳು ಒಂದಾಗದಂತೆ ಕಾಯುತ್ತವೆ. ಇದೇ ಎಮಲ್ಷನ್. ಇಂಥ ಕೆಲವು ಅಣುಗಳು ನೀರಿನಲ್ಲಿ ಟೊಳ್ಳು ಚೀಲಗಳಾಗಿಯೂ ಕೂಡಿಕೊಳ್ಳುತ್ತವೆ. 1999ರಲ್ಲಿ ಅಮೆರಿಕದ ವಿಜ್ಞಾನಿಗಳು ಅವನ್ನು 'ಪಾಲಿಮರ್‌ಸೋಮ್' ಎಂದು ಕರೆದರು.

ಈ ಕಾವಲು ಮುರಿದರೆ ನಷ್ಟ ರೈತನಿಗೇ. ಕೆಲವು ಸಾಲಿಗೆ ಔಷಧಿ ಹೆಚ್ಚಾಗಿ ಎಲೆ ಸುಡುತ್ತದೆ. ಕೆಲವಕ್ಕೆ ಬರೀ ನೀರು ಬಿದ್ದು ಹುಳು ಉಳಿಯುತ್ತದೆ. ಹಳೆಯ ಔಷಧಿ, ಗಡಸು ನೀರು ಇದಕ್ಕೆ ಕಾರಣವಾಗಬಹುದು.

ಆದ್ದರಿಂದ ಮೊದಲು ಪರೀಕ್ಷಿಸಿರಿ. ಕೈಗವಸು ತೊಟ್ಟು, ಅಡುಗೆಗೆ ಬಳಸದ ಗಾಜಿನ ಬಾಟಲಿಯಲ್ಲಿ 95 ಮಿ.ಲೀ. ನೀರಿಗೆ 5 ಮಿ.ಲೀ. ಔಷಧಿ ಬೆರೆಸಿ ಒಂದು ಗಂಟೆ ಬಿಡಿರಿ. ತೆಳುವಾದ ಕೆನೆ ಕಟ್ಟಿ, ಅಲುಗಿಸಿದಾಗ ಮತ್ತೆ ಬೆರೆತರೆ ಬಾಧಕವಿಲ್ಲ. ಎಣ್ಣೆ ಬೇರೆಯಾಗಿ ನಿಂತರೆ ಮಳೆನೀರಿನಲ್ಲಿ ಇನ್ನೊಮ್ಮೆ ನೋಡಿರಿ. ಅಲ್ಲಿ ಸರಿಯಾಗಿ ಬೆರೆತರೆ ದೋಷ ನಿಮ್ಮ ನೀರಿನದು. ಅಲ್ಲಿಯೂ ಒಡೆದರೆ ಔಷಧಿಯದು. ಅಂಥದನ್ನು ಬೆಳೆಗೆ ಹೊಡೆಯಬೇಡಿರಿ. ಬಾವಿಗೆ, ಹಳ್ಳಕ್ಕೆ ಚೆಲ್ಲಲೂ ಬೇಡಿರಿ.