ಶರತ್ಕಾಲದಲ್ಲಿ ಶ್ರೀರಂಗಪಟ್ಟಣ

(ಶತಮಾನೋತ್ಸವದ ಅಂಗವಾಗಿ ಧರ್ಮಕೇಂದ್ರದ ಯುವಜನರ ಸಭೆಯಲ್ಲಿ, ದಸರಾ ರಜೆಯ ಪ್ರವಾಸಕ್ಕೆ ಮುನ್ನ ಮಾಡಿದ ಭಾಷಣ)



ಈ ಶತಮಾನೋತ್ಸವದ ಉಪನ್ಯಾಸ ಮಾಲೆಯಲ್ಲಿ ನನಗಿಂತ ಮೊದಲು ಮಾತನಾಡಿದವರು ಗಹನವಾದ ವಿಷಯಗಳನ್ನು ವಿಸ್ತರಿಸಿ ಹೇಳಿದ್ದಾರೆ. ನನ್ನ ಪಾಲಿಗೆ ಬಂದಿರುವುದು ಹಗುರವಾದ ವಿಷಯ. ದಸರಾ ರಜೆಯಲ್ಲಿ ತಾವು ಎರಡು ದಿನ ಶ್ರೀರಂಗಪಟ್ಟಣಕ್ಕೆ ಹೋಗುವವರಿದ್ದೀರಿ. ಅಲ್ಲಿ ಏನು ಮಾಡಬಹುದು, ಹೇಗೆ ಸಂತೋಷವಾಗಿ ಕಾಲ ಕಳೆಯಬಹುದು ಎಂದು ತಿಳಿಸಬೇಕೆಂಬುದು ಸಂಘದ ಕಾರ್ಯದರ್ಶಿಗಳ ಅಪ್ಪಣೆ. ನಿವೃತ್ತ ಉಪಾಧ್ಯಾಯನಿಗೆ ಇದಕ್ಕಿಂತ ಪ್ರಿಯವಾದ ಕೆಲಸ ಬೇರೊಂದಿಲ್ಲ.

ಪ್ರವಾಸ ಸಮಿತಿಯಲ್ಲಿ ಕೆಲವರು, "ಶ್ರೀರಂಗಪಟ್ಟಣಕ್ಕೆ ಎರಡು ದಿನವೇಕೆ? ಮೈಸೂರಿಗೆ ಹೋಗುವ ದಾರಿಯಲ್ಲಿ ಎರಡು ಗಂಟೆ ಸಾಲದೇ?" ಎಂದು ಕೇಳಿದರಂತೆ. ಈ ಪ್ರಶ್ನೆ ಹೊಸದೇನಲ್ಲ. ಸುಮಾರು ಮೂವತ್ತೈದು ವರ್ಷಗಳ ಹಿಂದೆ ನಾನೂ ಹೀಗೆಯೇ ಯೋಚಿಸಿ, ನಲವತ್ತು ಮಂದಿ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ತುಂಬಿಕೊಂಡು ಆ ಊರಿಗೆ ಹೋಗಿದ್ದೆ. ಹತ್ತು ನಿಮಿಷ ದೇವಸ್ಥಾನ, ಹತ್ತು ನಿಮಿಷ ಮಸೀದಿ, ಹದಿನೈದು ನಿಮಿಷ ಗುಂಬಜ್. ಕೋಟೆಯ ವಾಯವ್ಯ ಭಾಗದಲ್ಲಿ, ಇಂಗ್ಲಿಷರ ಸೈನ್ಯ ಗೋಡೆಯೊಡೆದು ಒಳನುಗ್ಗಿದ ಸ್ಥಳದಲ್ಲಿರುವ ಸ್ಮಾರಕಸ್ತಂಭದ ಬಳಿ ನಿಂತು, 1799ರ ಮೇ 4ರ ಕಥೆಯನ್ನು ಪಾಠದಂತೆ ಒಪ್ಪಿಸಿದೆ. ಅದು ಅಕ್ಟೋಬರ್ ತಿಂಗಳು. ಕೆಳಗೆ ಕಾವೇರಿ ಕೆಂಪಗೆ, ದಡ ತುಂಬಿ ಹರಿಯುತ್ತಿದ್ದಳು. ಹಿಂದಿನ ಸಾಲಿನ ಒಬ್ಬ ಹುಡುಗ ಕೈಯೆತ್ತಿ, "ಸಾರ್, ಇಷ್ಟೊಂದು ನೀರನ್ನು ಸಿಪಾಯಿಗಳು ಹೇಗೆ ದಾಟಿದರು?" ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಗದರಿಸಿ ಕರೆದುಕೊಂಡು ಹೊರಟೆ.

ಉತ್ತರ ಬಹಳ ಸರಳವಾದದ್ದು. ಅದು ತೇದಿಯಲ್ಲಿಯೇ ಇತ್ತು. ಮೇ ತಿಂಗಳ ಆರಂಭದಲ್ಲಿ ನದಿ ಬತ್ತಿರುತ್ತದೆ, ಬಂಡೆಗಳ ನಡುವೆ ಮೊಣಕಾಲುದ್ದದ, ಸೊಂಟದುದ್ದದ ನೀರು. ಅಂದು ಮಧ್ಯಾಹ್ನ ಸೈನಿಕರು ಕೆಲವೇ ನಿಮಿಷಗಳಲ್ಲಿ ಕಾಲ್ನಡಿಗೆಯಿಂದ ನದಿಯನ್ನು ದಾಟಿದರು. ಕೊಡಗಿನ ಕಡೆ ಮುಂಗಾರು ಹಿಡಿದು ನೀರೇರುವ ಮೊದಲೇ ಕೋಟೆ ಬೀಳಬೇಕೆಂಬ ಅವಸರ ಅವರದಾಗಿತ್ತು. ಎಂಟು ವರ್ಷ ಮೊದಲು, 1791ರ ಮೇ ತಿಂಗಳಲ್ಲಿ, ಲಾರ್ಡ್ ಕಾರ್ನ್‌ವಾಲಿಸ್ ಇದೇ ಊರಿನ ಹೊಸ್ತಿಲವರೆಗೆ ಬಂದು, ಮಳೆಗೂ ಆಹಾರದ ಅಭಾವಕ್ಕೂ ಸಿಕ್ಕಿ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ್ದನು. ಆದ್ದರಿಂದ ಶ್ರೀರಂಗಪಟ್ಟಣಕ್ಕೆ ಕಲ್ಲಿನ ಕೋಟೆಗಿಂತ ದೊಡ್ಡ ಕೋಟೆ ಈ ನದಿ. ಬೇಸಿಗೆಯಲ್ಲಿ ಹೋದವನಿಗೆ ಆ ಕೋಟೆ ಕಾಣುವುದಿಲ್ಲ. ಮಳೆಗಾಲದಲ್ಲಿ ಹೋದರೆ ಕೊಡೆಯೊಂದೇ ಕಾಣುತ್ತದೆ. ಆಶ್ವಯುಜ, ಕಾರ್ತಿಕ ಮಾಸಗಳೇ ಸರಿಯಾದ ಕಾಲವೆಂದು ನಾನು ಹೇಳುವುದು ಇದಕ್ಕಾಗಿ.

ಈಗಿನ ಕಾವೇರಿ ಅಂದಿನವಳಲ್ಲ ಎಂಬುದನ್ನೂ ಹೇಳಬೇಕು. ಮೇಲ್ಗಡೆ ಕನ್ನಂಬಾಡಿ ಕಟ್ಟೆಯಿದೆ. ಅದರ ಪೂರ್ಣ ಮಟ್ಟ 124.80 ಅಡಿ. ಹೊರಡುವ ಮುನ್ನ ಪತ್ರಿಕೆಯಲ್ಲಿ ಕಟ್ಟೆಯ ಮಟ್ಟವನ್ನೂ ಹೊರಹರಿವನ್ನೂ ನೋಡಿಕೊಂಡು ಹೊರಡಿ. ತಮ್ಮ ಎರಡು ದಿನಗಳ ಅರ್ಧ ಕಾರ್ಯಕ್ರಮವನ್ನು ನಿರ್ಣಯಿಸುವುದು ಆ ಎರಡು ಅಂಕಿಗಳೇ.

ಮೊದಲನೆಯ ದಿನ ಬೆಳಿಗ್ಗೆ ರೈಲಿನಲ್ಲಿ ಹೋಗಿ. ಬಸ್ಸಿಗಿಂತ ರೈಲು ಲೇಸು. ದಾರಿಯಲ್ಲಿ ಮದ್ದೂರಿನ ವಡೆ ಸಿಗುವುದೆಂಬುದೊಂದೇ ಕಾರಣವಲ್ಲ, ಶ್ರೀರಂಗಪಟ್ಟಣದ ನಿಲ್ದಾಣದಲ್ಲಿ ಇಳಿದರೆ ಕೋಟೆಯೊಳಗಿನ ಊರನ್ನು ಕಾಲ್ನಡಿಗೆಯಲ್ಲಿಯೇ ನೋಡಬಹುದು. ಈ ರೈಲುಹಾದಿಯನ್ನು ಜೋಡಿಹಳಿಯಾಗಿ ಮಾಡುವಾಗ ಟಿಪ್ಪುವಿನ ಕಾಲದ ಒಂದು ಮದ್ದಿನ ಮನೆ ಅಡ್ಡ ಬಂದಿತು. ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಕೆಡವದೆ, 2017ರಲ್ಲಿ ಬುಡಸಹಿತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು. ಇಂಜಿನಿಯರಿಂಗ್ ಓದುತ್ತಿರುವವರು ಅದನ್ನು ನೋಡದೆ ಬರಬಾರದು.

ಬೆಳಗಿನ ತಂಪಿನಲ್ಲಿ ಕೋಟೆಯ ಗೋಡೆಯನ್ನು ಹಿಡಿದು ನಡೆಯಿರಿ. ರಂಗನಾಥಸ್ವಾಮಿ ದೇವಾಲಯ ಗಂಗರ ಕಾಲದಷ್ಟು ಹಳೆಯದು; ಅದರ ಮುಂದಿನ ಬಯಲು, ಆಚೆಗೆ ನೆಲಮಾಳಿಗೆಯ ಸೆರೆಮನೆ, ಟಿಪ್ಪು ಕಟ್ಟಿಸಿದ ಜೋಡಿ ಮಿನಾರುಗಳ ಮಸೀದಿ, ಎಲ್ಲವೂ ನಡೆದು ಮುಟ್ಟುವಷ್ಟು ಸಮೀಪ. ಆಮೇಲೆ ವೆಲ್ಲೆಸ್ಲಿ ಸೇತುವೆ. ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಮುಗಿದ ಕಲ್ಲಿನ ಸೇತುವೆ ಅದು. ಕಮಾನುಗಳಿಲ್ಲ, ನೆಟ್ಟ ಕಲ್ಲುಕಂಬಗಳು, ಅವುಗಳ ಮೇಲೆ ಅಡ್ಡ ಹಾಸಿದ ಕಲ್ಲುಗಳು, ಅಷ್ಟೆ. ಪ್ರವಾಹವಿರುವಾಗ ಅದರ ಮೇಲೆ ಬಿಡುವುದಿಲ್ಲ. ಬಿಟ್ಟ ದಿನ ಅಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತು, ಕಂಬಗಳಿಗೆ ಹೊಡೆದು ಹರಿಯುವ ನೀರಿನ ಸದ್ದನ್ನು ಕೇಳಿ. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಹಿತ ಮಳೆ ಬರುವುದುಂಟು. ಆದ್ದರಿಂದ ನಡೆಯುವ ಕೆಲಸವೆಲ್ಲ ಬೆಳಿಗ್ಗೆಯೇ ಮುಗಿಯಲಿ.

ಮಳೆ ಬಂದರೆ ದರಿಯಾ ದೌಲತ್ ಇದೆ. 1784ರಲ್ಲಿ ಕಟ್ಟಿದ ಈ ಬೇಸಿಗೆಯ ಅರಮನೆಯ ಪಶ್ಚಿಮದ ಗೋಡೆಯಲ್ಲಿ, 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ನಡೆದ ಯುದ್ಧದ ಚಿತ್ರವಿದೆ. ಚಿತ್ರಗಳನ್ನು ನೋಡಿ "ಚೆನ್ನಾಗಿದೆ" ಎಂದು ಹೊರಬರುವವರೇ ಹೆಚ್ಚು. ತಮಗೊಂದು ಆಟ ಹೇಳಿಕೊಡುತ್ತೇನೆ. ಇಬ್ಬಿಬ್ಬರಾಗಿ ನಿಂತು ಹುಡುಕಿರಿ: ಚೌಕವಾಗಿ ನಿಂತ ಇಂಗ್ಲಿಷ್ ಸಿಪಾಯಿಗಳು ಎಲ್ಲಿದ್ದಾರೆ? ಬೆಂಕಿ ಹತ್ತಿ ಸಿಡಿಯುತ್ತಿರುವ ಮದ್ದಿನ ಬಂಡಿ ಎಲ್ಲಿದೆ? ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿರುವ ಕರ್ನಲ್ ಬೇಯ್ಲಿ ಎಲ್ಲಿ? ಇಷ್ಟೆಲ್ಲ ಗಲಭೆಯ ನಡುವೆ ಗುಲಾಬಿಯನ್ನು ಮೂಸುತ್ತ ಬರುತ್ತಿರುವ ಟಿಪ್ಪು ಎಲ್ಲಿ? ಇವೆಲ್ಲವನ್ನೂ ಕಾಣುವುದಕ್ಕೆ ಒಂದು ಗಂಟೆ ಹಿಡಿಯುತ್ತದೆ. ಸೋತವರ ಸೋಲನ್ನು ಬಣ್ಣಿಸಿರುವ ಈ ಗೋಡೆಯನ್ನು, ಮುಂದೆ ಇದೇ ಅರಮನೆಯಲ್ಲಿ ವಾಸಮಾಡಿದ ಆರ್ಥರ್ ವೆಲ್ಲೆಸ್ಲಿ ಅಳಿಸಿಹಾಕದೆ ದುರಸ್ತಿ ಮಾಡಿಸಿದನೆಂಬುದು ನನಗೆ ಯಾವಾಗಲೂ ಸೋಜಿಗದ ಸಂಗತಿ.

ಸಂಜೆ ದಸರಾ. ಮೈಸೂರಿನ ದಸರೆಯ ತವರುಮನೆ ಶ್ರೀರಂಗಪಟ್ಟಣ. ರಾಜ ಒಡೆಯರು 1610ರಲ್ಲಿ ಈ ಊರನ್ನು ವಶಪಡಿಸಿಕೊಂಡು, ಅದೇ ವರ್ಷ ಇಲ್ಲಿ ನವರಾತ್ರಿಯನ್ನು ನಡೆಸಿದರು. 1799ರ ನಂತರ ರಾಜಧಾನಿಯೊಡನೆ ಹಬ್ಬದ ವೈಭವವೂ ಮೈಸೂರಿಗೆ ಹೋಯಿತು. ಇತ್ತೀಚಿನ ವರ್ಷಗಳಲ್ಲಿ ಇಲ್ಲಿಯೂ ಕೆಲವು ದಿನಗಳ ದಸರಾ ಮತ್ತೆ ನಡೆಯುತ್ತಿದೆ. ಕಿರಂಗೂರಿನ ಬನ್ನಿಮಂಟಪದಿಂದ ಮರದ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ಮೂರ್ತಿಯನ್ನು ಹೊತ್ತು ಆನೆ ಹೊರಡುತ್ತದೆ. ಹಿಂದೆ ಮುಂದೆ ಜಾನಪದ ಕಲಾವಿದರ ತಂಡಗಳು. ಮೈಸೂರಿನಲ್ಲಿ ಜನರ ತಲೆಗಳ ಮೇಲಿಂದ ಇಣುಕಿ ನೋಡಬೇಕು. ಇಲ್ಲಿ ರಸ್ತೆಯ ಬದಿಯಲ್ಲಿ, ಊರಿನವರ ಜಗುಲಿಯ ಮೇಲೆ ಕುಳಿತೇ ನೋಡಬಹುದು. ಡೊಳ್ಳು ಬಾರಿಸುವವನ ಬೆವರೂ ಕಾಣುವಷ್ಟು ಹತ್ತಿರ. ತೇದಿಯನ್ನು ಪ್ರತಿವರ್ಷ ಬೇರೆಯಾಗಿ ಪ್ರಕಟಿಸುವುದರಿಂದ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಅಕ್ಟೋಬರ್ ಮಧ್ಯಭಾಗದ ನಂತರ ಹೋದರೆ ತುಲಾಮಾಸದ ಸ್ನಾನಕ್ಕೆ ಬಂದ ಹಳ್ಳಿಯ ಜನರನ್ನೂ ನದಿಯ ಘಟ್ಟಗಳಲ್ಲಿ ಕಾಣುವಿರಿ.

ಎರಡನೆಯ ದಿನ ಬೆಳಿಗ್ಗೆ ಗಂಜಾಮಿಗೆ ಹೋಗಬೇಕೆಂಬುದು ನನ್ನ ವಿಶೇಷ ಬಿನ್ನಹ. ಪ್ರವಾಸಿಗರು ಅಲ್ಲಿ ನಿಮಿಷಾಂಬ ದೇವಾಲಯವನ್ನು ನೋಡಿ ಹೊರಡುತ್ತಾರೆ. ಅದೇ ಗಂಜಾಮಿನಲ್ಲಿ ಅಬ್ಬೆ ದುಬುವಾ ಅವರ ಹೆಸರಿನಿಂದ ಗುರುತಿಸುವ ಹಳೆಯ ಚರ್ಚು ಇದೆ. ಯುದ್ಧ ಮುಗಿದ ಊರಿನ ಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಿ. 1800ರಲ್ಲಿ ಇಲ್ಲಿಗೆ ಬಂದ ಬುಕಾನನ್, ಟಿಪ್ಪುವಿನ ಕಾಲದಲ್ಲಿ ದ್ವೀಪದ ಜನಸಂಖ್ಯೆ ಒಂದೂವರೆ ಲಕ್ಷವಿದ್ದಿರಬೇಕೆಂದೂ, ತಾನು ಬಂದಾಗ ಸುಮಾರು 32,000ಕ್ಕೆ ಇಳಿದಿತ್ತೆಂದೂ ಬರೆದಿದ್ದಾನೆ. ಅಂಥ ಕಾಲದಲ್ಲಿ, ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಕೂಡಿಸಲು ಬಂದವರು ಈ ಫ್ರೆಂಚ್ ಗುರುಗಳು. ಜನ ಅವರನ್ನು "ದೊಡ್ಡ ಸ್ವಾಮಿಯವರು" ಎಂದು ಕರೆದರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ನಿರ್ಗತಿಕರಿಗೆ ಬೇಸಾಯದ ನೆಲೆ ಕಲ್ಪಿಸಿದರು. ಸಿಡುಬಿನ ಲಸಿಕೆ ಈ ಸೀಮೆಗೆ ಹೊಸದಾಗಿದ್ದಾಗ, 1803–04ರಲ್ಲಿ, ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಿಸುವ ಕಾರ್ಯ ನಡೆಸಿದರು. ನಮ್ಮ ಜನರ ರೀತಿನೀತಿಗಳನ್ನು ಕುರಿತು ಅವರು ಬರೆದ ಗ್ರಂಥದಲ್ಲಿ ನಾನು ಒಪ್ಪದ ಮಾತುಗಳು ಬಹಳ ಇವೆ. ಆದರೆ ಆ ಚರ್ಚಿನ ಅಂಗಳದಲ್ಲಿ ಕುಳಿತು ಬುತ್ತಿಯನ್ನು ಬಿಚ್ಚುವಾಗ, ಸುತ್ತಣ ಬೀದಿಗಳಲ್ಲಿ ಒಂದು ಕಾಲಕ್ಕೆ ಬಾಗಿಲು ಮುಚ್ಚಿದ ಮನೆಗಳೇ ಹೆಚ್ಚಾಗಿದ್ದವೆಂಬುದನ್ನು ನೆನೆಯಿರಿ.

ಮಂಡ್ಯದ ಸೀಮೆಗೆ ಹೋಗಿ ಆಲೆಮನೆಯನ್ನು ನೋಡದೆ ಬಂದವನನ್ನು ನಾನು ಪ್ರವಾಸಿಯೆಂದು ಒಪ್ಪುವುದಿಲ್ಲ. ದ್ವೀಪದ ಒಳಗೂ ಹೊರಗೂ ಕಬ್ಬಿನ ಗದ್ದೆಗಳೇ. ಸುತ್ತಣ ಹಳ್ಳಿಗಳ ಕಡೆ ಹೊಗೆಯ ಜಾಡು ಹಿಡಿದು ನಡೆದರೆ ಸಾಕು, ಆಲೆಮನೆ ಸಿಗುತ್ತದೆ. ಗಾಣದಿಂದ ಇಳಿದ ಕಬ್ಬಿನ ಹಾಲು ದೊಡ್ಡ ಕೊಪ್ಪರಿಗೆಯಲ್ಲಿ ಕುದಿಯುತ್ತದೆ. ಹಿಂಡಿ ಒಣಗಿಸಿದ ಸಿಪ್ಪೆಯೇ ಒಲೆಗೆ ಸೌದೆ. ಮೇಲೆ ಬಂದ ಕೊಳೆಯನ್ನು ತೆಗೆಯುತ್ತ, ಪಾಕದ ಹದವನ್ನು ಕಣ್ಣಿನಿಂದಲೇ ಅಳೆಯುವ ಒಬ್ಬ ಹಿರಿಯ ಅಲ್ಲಿರುತ್ತಾನೆ. ಒಂದು ನಿಮಿಷ ಹೆಚ್ಚಾದರೆ ಬೆಲ್ಲ ಸೀಯುತ್ತದೆ, ಕಡಮೆಯಾದರೆ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಕೆಲಸ ಮಾಡುವವರಿಗೆ ಅಡ್ಡ ಬರದೆ, ಕೊಪ್ಪರಿಗೆಯಿಂದ ದೂರ ನಿಂತು, ಮರ್ಯಾದೆಯಿಂದ "ಯಜಮಾನರೇ, ನೋಡಬಹುದೇ?" ಎಂದು ಕೇಳಿರಿ. ಕಬ್ಬಿನ ಹಾಲನ್ನೂ ಎಲೆಯ ಮೇಲೆ ಬಿಸಿ ಬೆಲ್ಲವನ್ನೂ ಕೊಡದೆ ಕಳುಹಿಸುವ ಆಲೆಮನೆಯನ್ನು ನಾನಂತೂ ಕಂಡಿಲ್ಲ. ಹಣ ತೆಗೆದುಕೊಳ್ಳದಿದ್ದರೆ ನಾಲ್ಕು ಅಚ್ಚು ಬೆಲ್ಲವನ್ನು ಕೊಂಡು ತನ್ನಿ.

ಇನ್ನು ರಂಗನತಿಟ್ಟು. 1940ರಲ್ಲಿ ಸಲೀಂ ಅಲಿಯವರ ಸಲಹೆಯಂತೆ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ವಲಸೆ ಹಕ್ಕಿಗಳ ಜಾತ್ರೆ ಸೇರುವುದು ಚಳಿಗಾಲದಲ್ಲಿ; ಅಕ್ಟೋಬರಿನಲ್ಲಿ ಅಷ್ಟು ಹಕ್ಕಿಗಳನ್ನು ನಿರೀಕ್ಷಿಸಬೇಡಿ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗಳು, ಮರದಲ್ಲಿ ತಲೆಕೆಳಗಾಗಿ ತೂಗುವ ಬಾವಲಿಗಳು ಕಾಣಬಹುದು. ಕಟ್ಟೆಯಿಂದ ಹೆಚ್ಚು ನೀರು ಬಿಟ್ಟ ದಿನ ದೋಣಿವಿಹಾರವಿರುವುದಿಲ್ಲ. ಆಗ ಅಲ್ಲಿನ ಸಿಬ್ಬಂದಿಯೊಡನೆ ವಾದಕ್ಕಿಳಿಯಬೇಡಿ.

ಈ ಮಾತನ್ನು ಏಕೆ ಇಷ್ಟು ಕಟ್ಟುನಿಟ್ಟಾಗಿ ಹೇಳುತ್ತಿದ್ದೇನೆಂಬುದನ್ನು ಅರಿಕೆ ಮಾಡಿಕೊಳ್ಳಬೇಕು. ಮೊದಲು ಹೇಳಿದ ಆ ಪ್ರವಾಸದ ಕೊನೆಯ ತಾಣ ದ್ವೀಪದ ಪೂರ್ವದ ತುದಿಯಲ್ಲಿರುವ ಸಂಗಮ. ಹೊತ್ತು ಮೀರಿತ್ತು. ನಾನು ಬಸ್ಸಿನ ಬಳಿ ನಿಂತು ಚಾಲಕನೊಡನೆ ಬಾಡಿಗೆಯ ಲೆಕ್ಕ ನೋಡುತ್ತಿದ್ದೆ. ಕೂಗು ಕೇಳಿ ಓಡಿಹೋದಾಗ, ಮೆಟ್ಟಿಲ ಪಾಚಿಯ ಮೇಲೆ ಕಾಲುಜಾರಿದ ನಮ್ಮ ಹುಡುಗನೊಬ್ಬನನ್ನು ಹರಿಗೋಲಿನವನು ಅಂಗಿಯ ಕೊರಳುಪಟ್ಟಿ ಹಿಡಿದು ಮೇಲೆಳೆಯುತ್ತಿದ್ದನು. ಕೋಟೆಯ ಬಳಿ ಪ್ರಶ್ನೆ ಕೇಳಿದ ಹುಡುಗನೇ ಅವನು. ಆ ನೀರು ಎಷ್ಟು ಆಳ, ಎಷ್ಟು ಸೆಳೆತ ಎಂದು ನೋಡಲು ಇಳಿದನಂತೆ. ನಾನು ಅಂದೇ ಉತ್ತರ ಕೊಟ್ಟಿದ್ದರೆ ಇಳಿಯುತ್ತಿದ್ದನೋ ಇಲ್ಲವೋ, ಹೇಳಲಾರೆ. ಹರಿಗೋಲಿನವನಿಗೆ ಹಣ ಕೊಡಲು ಹೋದೆ, ಬೇಡವೆಂದನು. ಅವನ ಹೆಸರನ್ನು ನಾನು ಕೇಳಲಿಲ್ಲ. ಶಾಲೆಗೆ ಮರಳಿ ಬರೆದ ಪ್ರವಾಸದ ವರದಿಯಲ್ಲಿ ಈ ಸಂಗತಿಯನ್ನು ಸೇರಿಸಲೂ ಇಲ್ಲ. ಹುಡುಗನ ತಂದೆತಾಯಿಗಳಿಗೆ ಅವನೇ ಹೇಳಿದನೆಂದು ಆಮೇಲೆ ತಿಳಿಯಿತು. ಇಂದು ಈ ಸಭೆಯಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟು ಹೇಳುತ್ತಿದ್ದೇನೆ.

ಆದ್ದರಿಂದ ನಿಯಮ ಒಂದೇ: ಈಜು ಬಲ್ಲವರೂ ಸೇರಿ ಯಾರೂ ನೀರಿಗೆ ಇಳಿಯತಕ್ಕದ್ದಲ್ಲ. ಹರಿಗೋಲಿನಲ್ಲಿ ಕುಳಿತುಕೊಳ್ಳುವುದಾದರೆ ರಕ್ಷಾಕವಚ ತೊಟ್ಟು, ನಡೆಸುವವರು ಹೇಳಿದಷ್ಟೇ ಜನ. ಅವರ ಹೆಸರನ್ನು ಕೇಳಿ ತಿಳಿದುಕೊಳ್ಳಿ. ಕೊಡೆ, ಹಿಡಿತವಿರುವ ಪಾದರಕ್ಷೆ, ಎರಡು ಹೊತ್ತಿನ ಬುತ್ತಿ, ಒಂದು ಟಿಪ್ಪಣಿ ಪುಸ್ತಕ ಇಷ್ಟಿದ್ದರೆ ಸಾಕು. ಗುರುಗಳು ಕೃಪೆಯಿಟ್ಟು ನನ್ನನ್ನೂ ಜೊತೆಗೆ ಬರಹೇಳಿದ್ದಾರೆ. ನಾನು ಮಂಡಿನೋವಿನವನು, ಸೇತುವೆಯವರೆಗೆ ನಡೆಯಬಲ್ಲೆ, ಅಲ್ಲಿಂದ ಮುಂದೆ ತಮ್ಮ ಚೀಲಗಳನ್ನು ಕಾಯುತ್ತೇನೆ. ನಿಲ್ದಾಣದಲ್ಲಿಯೂ ಸಂಗಮದಲ್ಲಿಯೂ ಹಾಜರಿ ತೆಗೆದುಕೊಳ್ಳುವವನು ಮಾತ್ರ ನಾನೇ.