ಫೈಟೇ ಇಲ್ಲದ ಕ್ಲೈಮ್ಯಾಕ್ಸ್

ಇವತ್ತು ರಾಜಕೀಯಕ್ಕೆ ರಜೆ. ಒಂದು ಸೀರಿಯಲ್ ಪರವಾಗಿ ವಕಾಲತ್ತು ವಹಿಸೋಕೆ ಬಂದಿದ್ದೀನಿ. ನಮ್ಮ ಮನೆಗಳಲ್ಲಿ ಸಂಜೆ ಹೊತ್ತು ಓಡೋ ಸೀರಿಯಲ್ ಅಲ್ಲ ಇದು. ಮಾರ್ವೆಲ್‌ನವರ 'ಶೀ-ಹಲ್ಕ್: ಅಟಾರ್ನಿ ಅಟ್ ಲಾ'. 2022ರ ಅಕ್ಟೋಬರ್ 13ಕ್ಕೆ ಅದರ ಒಂಬತ್ತನೇ ಕಂತು, ಅಂದರೆ ಕೊನೆಯ ಕಂತು ಬಂತು. ಅವತ್ತಿನಿಂದ ನೋಡಿದವರಲ್ಲಿ ಎರಡು ಪಾರ್ಟಿ. ಒಂದು ಪಾರ್ಟಿ ಚಪ್ಪಾಳೆ ಹೊಡೀತು. ಇನ್ನೊಂದು ಪಾರ್ಟಿ ಮೋಸ ಅಂತು.

ನಮ್ಮ ಎಡಿಟಿಂಗ್ ರೂಮಿನ ಹುಡುಗ ಒಬ್ಬ ಎರಡನೇ ಪಾರ್ಟಿ. ಮೊನ್ನೆ ಕಾಫಿ ಕುಡೀತಾ ಹೇಳ್ದ, "ಸಾರ್, ಎಂಟು ವಾರ ಕಾಯಿಸಿ ಕೊನೆಗೆ ಫೈಟೇ ಇಲ್ಲ. ಮದುವೆಗೆ ಕರೆದು, ಎಲೆ ಹಾಕಿ, ಉಪ್ಪು ಬಡಿಸಿ, ಎದ್ದು ಹೋಗಿ ಅಂದ ಹಾಗಾಯ್ತು." ಒಳ್ಳೆ ಮಾತು. ಆದರೆ ನಾನು ಒಪ್ಪಲ್ಲ. ಯಾಕೆ ಅಂತ ಹೇಳ್ತೀನಿ. ನೋಡದೇ ಇರೋರಿಗೆ ಮೊದಲೇ ಎಚ್ಚರಿಕೆ: ಕಥೆ ಪೂರ್ತಿ ಬಿಚ್ಚಿಡ್ತೀನಿ.

ಜೆನ್ನಿಫರ್ ವಾಲ್ಟರ್ಸ್ ಅಂತ ಒಬ್ಬಳು ಲಾಯರ್. ಲಾಸ್ ಏಂಜಲೀಸ್‌ನಲ್ಲಿ ಪ್ರಾಕ್ಟೀಸು. ಹಲ್ಕ್ ಗೊತ್ತಲ್ಲ, ಸಿಟ್ಟು ಬಂದರೆ ಹಸಿರಾಗಿ ಊದಿಕೊಳ್ಳೋ ಬ್ರೂಸ್ ಬ್ಯಾನರ್, ಅವನ ಕಸಿನ್ ಇವಳು. ಕಾರ್ ಆಕ್ಸಿಡೆಂಟ್‌ನಲ್ಲಿ ಅವನ ರಕ್ತ ಇವಳ ಮೈಗೆ ಸೇರಿ ಇವಳೂ ಹಲ್ಕ್ ಆಗ್ತಾಳೆ. ಈ ಪಾತ್ರ ಹುಟ್ಟಿದ ಕಥೆಯೇ ಒಂದು ತಮಾಷೆ. 1977ರಿಂದ ಅಮೆರಿಕದ ಟೀವಿಯಲ್ಲಿ ಹಲ್ಕ್ ಸೀರಿಯಲ್ ಜೋರಾಗಿ ಓಡ್ತಿತ್ತು. ಟೀವಿಯವರೇ ಒಂದು ಹೆಣ್ಣು ಹಲ್ಕ್ ಸೃಷ್ಟಿ ಮಾಡಿಬಿಟ್ಟರೆ ಹಕ್ಕು ಕೈ ತಪ್ಪುತ್ತೆ ಅನ್ನೋ ಭಯಕ್ಕೆ ಮಾರ್ವೆಲ್‌ನವರು ಅವಸರದಲ್ಲಿ 1980ರ ಹೊತ್ತಿಗೆ ಇವಳನ್ನ ತಂದರು. ಬರೆದಿದ್ದು ಸ್ಟಾನ್ ಲೀ, ಚಿತ್ರ ಜಾನ್ ಬುಸೆಮಾ. ಅಂದರೆ ಹುಟ್ಟಿದ ದಿನದಿಂದಲೇ ಇವಳು ಆಫೀಸಿನವರ ಲೆಕ್ಕಾಚಾರದ ಕೂಸು. ಈ ಕೊನೆಯ ಕಂತು ಶುರುವಾಗೋದೇ ಆ ಹಳೇ ಹಲ್ಕ್ ಸೀರಿಯಲ್ಲಿನ ಟೈಟಲ್ ಕಾರ್ಡಿನ ಅಣಕದಿಂದ.

ಸರಿ, ಕ್ಲೈಮ್ಯಾಕ್ಸಿಗೆ ಬರೋಣ. ಎಂಟನೇ ಕಂತಿನ ಕೊನೆಯಲ್ಲಿ ಒಂದು ಸಮಾರಂಭ. ಮಹಿಳಾ ಲಾಯರ್‌ಗಳಿಗೆ ಪ್ರಶಸ್ತಿ ಕೊಡ್ತಿದ್ದಾರೆ. ಜೆನ್ ವೇದಿಕೆ ಮೇಲಿದ್ದಾಳೆ, ಅಪ್ಪ ಅಮ್ಮ ಕೆಳಗೆ ಕೂತಿದ್ದಾರೆ. ಹಿಂದಿನ ದೊಡ್ಡ ಸ್ಕ್ರೀನ್ ಮೇಲೆ ಇದ್ದಕ್ಕಿದ್ದಂತೆ ಅವಳ ಖಾಸಗಿ ವಿಡಿಯೋ ಓಡುತ್ತೆ. ಜಾಶ್ ಅನ್ನೋನು ಪ್ರೀತಿಯ ನಾಟಕ ಆಡಿ, ಅವಳು ನಂಬಿದ ರಾತ್ರಿ ತೆಗೆದ ವಿಡಿಯೋ. ಹೆಣ್ಣೊಬ್ಬಳು ಹಲ್ಕ್ ಆಗಿದ್ದು ಸಹಿಸೋಕಾಗದ ಗಂಡಸರ ಒಂದು ಗುಂಪು, ಇಂಟೆಲಿಜೆನ್ಸಿಯಾ ಅಂತ ಹೆಸರು, ಅವರ ಕೆಲಸ ಇದು. ಜೆನ್‌ಗೆ ಸಿಟ್ಟು ಬರುತ್ತೆ, ಹಲ್ಕ್ ಆಗ್ತಾಳೆ, ಸ್ಕ್ರೀನ್ ಒಡೆದು ಹಾಕ್ತಾಳೆ. ಆಮೇಲೆ ಏನಾಗುತ್ತೆ? ಬಂದೂಕುಗಳು ಯಾರ ಕಡೆ ತಿರುಗಿದವು? ಅವಳ ಕಡೆ. ಜೈಲು ಅವಳಿಗೆ. ಕೆಲಸ ಹೋಯ್ತು, ಮನೆ ಬಿಟ್ಟು ಅಪ್ಪ ಅಮ್ಮನ ಹತ್ರ ಬಂದಳು, ಹಲ್ಕ್ ಆಗದ ಹಾಗೆ ಮೈಗೊಂದು ಯಂತ್ರ ಕಟ್ಟಿದರು.

ಕೊನೆಯ ಕಂತಿನಲ್ಲಿ ಆ ಗಂಡಸರ ಗುಂಪಿನ ಮೀಟಿಂಗ್ ನಡೀತಿದೆ. ಗುಂಪಿನ ನಾಯಕ ಟಾಡ್, ಅವಳಿಂದ ಕದ್ದ ರಕ್ತ ಚುಚ್ಚಿಕೊಂಡು ತಾನೂ ಹಲ್ಕ್ ಆಗ್ತಾನೆ. ಒಬ್ಬಳು ಗೋಡೆ ಒಡ್ಕೊಂಡು ಬರ್ತಾಳೆ. ಆಕಡೆಯಿಂದ ಬ್ರೂಸ್ ಬಂದು ಇಳೀತಾನೆ. ಎಲ್ಲರೂ ಎಲ್ಲರಿಗೂ ಹೊಡೀತಿದ್ದಾರೆ, ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಆಗ ಜೆನ್ ನಿಮ್ಮ ಕಡೆ, ನನ್ನ ಕಡೆ ತಿರುಗಿ, ಇದು ನಿಮಗೆ ಸರಿ ಅನ್ನಿಸ್ತಿದೆಯಾ ಅನ್ನೋ ಥರ ಕೇಳ್ತಾಳೆ. ಸ್ಕ್ರೀನ್ ಮೇಲೆ ಒಟಿಟಿಯ ಮೆನು ಬಂದುಬಿಡುತ್ತೆ. ಎಷ್ಟೋ ಜನ ರಿಮೋಟ್ ಮೇಲೆ ಕೂತ್ಕೊಂಡ್ವೇನೋ ಅಂದ್ಕೊಂಡಿರಬೇಕು! ಇವಳು ತನ್ನ ಸೀರಿಯಲ್ಲಿನ ಚೌಕದಿಂದ ಹೊರಗೆ ಕೈ ಹಾಕಿ, ಇನ್ನೊಂದು ಕಾರ್ಯಕ್ರಮದ ಚೌಕಕ್ಕೆ ಹತ್ತಿ, ಅಲ್ಲಿಂದ ಸೀದಾ ಮಾರ್ವೆಲ್ ಸ್ಟುಡಿಯೋಗೆ ನುಗ್ತಾಳೆ. ಬರಹಗಾರರ ರೂಮಿಗೆ ಹೋಗಿ ದಬಾಯಿಸ್ತಾಳೆ. ಅವರು, ನಮ್ಮದೇನಿಲ್ಲಮ್ಮ, ಮೇಲೆ ಕೆವಿನ್ ಹೇಳಿದ ಹಾಗೆ ಬರೆದಿದ್ದೀವಿ ಅಂತಾರೆ. ಮೇಲೆ ಹೋದರೆ ಕೆವಿನ್ ಅನ್ನೋದು ಮನುಷ್ಯನೇ ಅಲ್ಲ, ಒಂದು ಯಂತ್ರ. ಮಾರ್ವೆಲ್‌ನ ನಿಜವಾದ ಬಾಸ್ ಕೆವಿನ್ ಫೈಗಿ ಯಾವಾಗಲೂ ಒಂದು ಟೋಪಿ ಹಾಕ್ತಾರೆ. ಈ ಯಂತ್ರದ ಕ್ಯಾಮೆರಾ ಮೇಲೂ ಅದೇ ಥರ ಒಂದು ಅಂಚು.

ಅಲ್ಲಿ ನಡೆಯೋದೇ ನಿಜವಾದ ಕ್ಲೈಮ್ಯಾಕ್ಸ್. ಅವಳು ಲಾಯರ್, ವಾದ ಮಾಡ್ತಾಳೆ. ಟಾಡ್‌ಗೆ ನನ್ನ ಶಕ್ತಿ ಬೇಡ. ಕಾಪಾಡೋಕೆ ಅಣ್ಣ ಬರೋದು ಬೇಡ. ಇಲ್ಲಿ ಹಾಳಾಗಿದ್ದು ನನ್ನ ಬದುಕು, ಇದು ಆ ಕಥೆ. ಇದು ಅವಳ ವಾದದ ಸಾರಾಂಶ. ಯಂತ್ರ ಒಪ್ಪುತ್ತೆ. ಕಥೆ ಬದಲಾಗುತ್ತೆ. ಟಾಡ್ ಬರೀ ಟಾಡ್ ಆಗಿ ಅರೆಸ್ಟ್ ಆಗ್ತಾನೆ. ಅವಳು ಅವನಿಗೆ ಹೇಳೋದು ಒಂದೇ: ಕೋರ್ಟಿನಲ್ಲಿ ಸಿಗ್ತೀನಿ.

ಪಾತ್ರ ಕಥೆಯಿಂದ ಹೊರಗೆ ಬಂದು ಮಾತಾಡಿದ್ದೇ ತಪ್ಪು ಅನ್ನೋರಿಗೆ ನಾನು ಹೆಚ್ಚು ಉತ್ತರ ಕೊಡಲ್ಲ. ಯಕ್ಷಗಾನದಲ್ಲಿ ಹಾಸ್ಯಗಾರ ಭಾಗವತರ ಜೊತೆ ಜಗಳಕ್ಕೆ ನಿಲ್ಲೋದನ್ನ ನೋಡಿ ಬೆಳೆದವರು ನಾವು. ಶೀ-ಹಲ್ಕ್ ಕೂಡ 1989ರಿಂದಲೇ ಜಾನ್ ಬರ್ನ್ ಅವರ ಕಾಮಿಕ್ಸ್‌ನಲ್ಲಿ ಬರೆದವನ ಜೊತೆಗೇ ಜಗಳ ಆಡ್ತಿದ್ದಳು. ಈ ಸೀರಿಯಲ್‌ನಲ್ಲೂ ಮೊದಲ ಕಂತಿಂದ ನಮ್ಮ ಕಡೆ ತಿರುಗಿ ಮಾತಾಡ್ತಾನೇ ಇದ್ದಳು.

ಫೈಟ್ ಇಲ್ಲ ಅನ್ನೋ ದೂರು ದೊಡ್ಡದು. ಯೋಚನೆ ಮಾಡಿ ನೋಡಿ. ಫೈಟ್ ಇದ್ದಿದ್ದರೆ ಏನಾಗ್ತಿತ್ತು? ಟಾಡ್ ಹಸಿರು ರಾಕ್ಷಸ ಆಗಿರ್ತಿದ್ದ. ರಾಕ್ಷಸನನ್ನ ಇವಳು ಹೊಡೆದು ಹಾಕ್ತಿದ್ದಳು. ನಾವು ಶಿಳ್ಳೆ ಹೊಡೀತಿದ್ವಿ. ಆ ವಿಡಿಯೋ? ಅದು ಎಲ್ಲರಿಗೂ ಮರೆತೇ ಹೋಗ್ತಿತ್ತು. ಒಬ್ಬ ಹೆಣ್ಣುಮಗಳ ಖಾಸಗಿ ವಿಡಿಯೋ ಹರಿಬಿಡೋನು ರಾಕ್ಷಸ ಆಗಿರಲ್ಲ ಸ್ವಾಮಿ. ಅವನಿಗೊಂದು ಫೋನು, ಒಂದು ವಾಟ್ಸಾಪ್ ಗ್ರೂಪು ಸಾಕು. ಅವನನ್ನ ಅವನ ಅಳತೆಗೇ ಇಳಿಸಿ ಪೊಲೀಸರ ಕೈಗೆ ಕೊಟ್ಟಿದ್ದು ಈ ಕ್ಲೈಮ್ಯಾಕ್ಸ್. ಅವಳ ಕೈಯಲ್ಲಿ ಗೋಡೆ ಒಡೆಯೋ ಶಕ್ತಿ ಇತ್ತು. ಸಮಾರಂಭದಲ್ಲಿ ಅದನ್ನ ಬಳಸಿದ್ದಕ್ಕೆ ಜೈಲಿಗೆ ಹೋದವಳೂ ಅವಳೇ. ಅಂಥವಳು ಎರಡನೇ ಸಲ ಕರಿ ಕೋಟು ಆರಿಸಿಕೊಂಡಳು. ನಮ್ಮಲ್ಲೂ ಈ ಅಪರಾಧಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಇದೆ. ಮೂರು ವರ್ಷದವರೆಗೆ ಜೈಲು. ಎಷ್ಟು ಜನಕ್ಕೆ ಗೊತ್ತು?

ಇಲ್ಲಿ ನನ್ನದೂ ಒಂದು ಮಾತಿದೆ. ವರ್ಷಗಳ ಹಿಂದೆ, ಆಗ ನಾನಿದ್ದ ಚಾನೆಲ್ಲಿಗೆ ಹೀಗೇ ಒಂದು ವಿಡಿಯೋ ಬಂತು. ಹನ್ನೊಂದು ಗಂಟೆಗೆ ಬಂದಿದ್ದು ರಾತ್ರಿ ಒಂಬತ್ತರವರೆಗೂ ಓಡ್ತು. "ಬ್ಲರ್ ಮಾಡಿದ್ದೀವಲ್ಲ" ಅನ್ನೋದು ನಮ್ಮ ಸಮಾಧಾನ. ಮುಖ ಬ್ಲರ್ ಆಗಿತ್ತು, ನಿಜ. ಸೀರೆ ಬ್ಲರ್ ಆಗಿರಲಿಲ್ಲ. ಮನೆಯ ಗೋಡೆ ಬ್ಲರ್ ಆಗಿರಲಿಲ್ಲ. ಅವಳ ಊರಿನಲ್ಲಿ ಗುರುತು ಹಿಡಿಯೋಕೆ ಅಷ್ಟು ಸಾಕಾಗಿತ್ತು. ಸಂಜೆ ಬುಲೆಟಿನ್ ಓದಿದ್ದು ನಾನೇ. ಅವನು ಯಾರು, ಯಾವ ಪಾರ್ಟಿ, ಯಾರ ಕೈವಾಡ, ಇದೇ ಚರ್ಚೆ. ನಾಲ್ಕು ಜನ ಗೆಸ್ಟು, ನಾಲ್ಕೂ ಜನ ಕಿರುಚಿದರು. ಫೈಟ್ ಭರ್ಜರಿಯಾಗಿತ್ತು. ಅವಳ ಬಗ್ಗೆ ಒಂದು ವಾಕ್ಯ ನಾನು ಓದಿದ್ದು ನೆನಪಿಲ್ಲ. ಈ ಕಂತಿಗೆ ಅವರು ಇಟ್ಟಿರೋ ಹೆಸರು 'ಇದು ಯಾರ ಶೋ' ಅನ್ನೋ ಅರ್ಥದ ಪ್ರಶ್ನೆ. ಸ್ಕ್ರೀನ್ ಮೇಲೆ ಅದು ಬಂದಾಗ ನಾನು ಸ್ವಲ್ಪ ಹೊತ್ತು ಪಾಸ್ ಮಾಡಿ ಕೂತಿದ್ದೆ.

ಇನ್ನು ಆ ಯಂತ್ರದ ವಿಷಯ. ಅವತ್ತು ಅದು ಜೋಕು ಅನ್ನಿಸಿತ್ತು. ಆರೂವರೆ ತಿಂಗಳು ಕಳೆಯೋದ್ರಲ್ಲಿ, 2023ರ ಮೇ 2ಕ್ಕೆ, ಹಾಲಿವುಡ್ ಬರಹಗಾರರು ಮುಷ್ಕರಕ್ಕೆ ಇಳಿದರು. 148 ದಿನ. ಅವರ ಬೇಡಿಕೆಗಳಲ್ಲಿ ಒಂದು, ಕೃತಕ ಬುದ್ಧಿಮತ್ತೆ ನಮ್ಮ ಕೆಲಸ ಕಿತ್ಕೋಬಾರದು ಅನ್ನೋದು. ಇನ್ನೊಂದು ಜೋಕು: ನೀನು ಹಲ್ಕ್ ರೂಪದಲ್ಲಿದ್ದರೆ ಗ್ರಾಫಿಕ್ಸ್ ಖರ್ಚು ಜಾಸ್ತಿ, ಮಾಮೂಲಿ ರೂಪಕ್ಕೆ ಬಾ ಅಂತ ಯಂತ್ರ ಅವಳಿಗೆ ಹೇಳುತ್ತೆ. ಅದೂ ಕ್ಯಾಮೆರಾ ಕಣ್ಣಿಗೆ ಬೀಳದ ಹಾಗೆ, ಯಾಕಂದ್ರೆ ಗ್ರಾಫಿಕ್ಸ್‌ನವರು ಬೇರೆ ಕೆಲಸಕ್ಕೆ ಹೋಗಿಬಿಟ್ಟಿದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್‌ನ ಗ್ರಾಫಿಕ್ಸ್ ಕೆಲಸಗಾರರು ಯೂನಿಯನ್ ಬೇಕು ಅಂತ ಒಮ್ಮತದಿಂದ ಮತ ಹಾಕಿದರು. ಯಜಮಾನನ ದುಡ್ಡಲ್ಲಿ ಯಜಮಾನನ ಮನೆ ಜಗಲಿ ಮೇಲೆ ನಿಂತು ಇಷ್ಟು ಮಾತಾಡೋಕೆ ಧೈರ್ಯ ಬೇಕು. ಬರೆದ ಜೆಸ್ಸಿಕಾ ಗಾವೊ ಅವರಿಗೆ ಅದಿತ್ತು. ಬಿಟ್ಟ ಫೈಗಿ ಅವರಿಗೂ ಸ್ವಲ್ಪ ಮೆಚ್ಚುಗೆ ಇರಲಿ.

ತಪ್ಪೇ ಇಲ್ಲ ಅಂತ ವಾದ ಮಾಡೋ ವಕೀಲ ನಾನಲ್ಲ. ಕೋರ್ಟಿನಲ್ಲಿ ಸಿಗ್ತೀನಿ ಅಂದವಳು ಕೋರ್ಟಿನಲ್ಲಿ ಟಾಡ್‌ನ ಹೇಗೆ ಬೆವರಿಳಿಸಿದಳು ಅನ್ನೋದನ್ನ ಐದು ನಿಮಿಷವಾದರೂ ತೋರಿಸಬೇಕಿತ್ತು. ಲಾಯರ್ ಸೀರಿಯಲ್ ಅಂತ ಹೆಸರಿಟ್ಟು ಮುಖ್ಯ ಕೇಸೇ ನಡೆಸದೆ ಮುಗಿಸಿದ್ದು ಕೊರತೆಯೇ. ಕೊನೆಗೆ ಮನೆಯೂಟದ ಸೀನಿನಲ್ಲಿ ಬ್ರೂಸ್ ಮಗನನ್ನ ಕರ್ಕೊಂಡು ಬರೋದು ಮುಂದಿನ ಸಿನಿಮಾಗಳ ಜಾಹೀರಾತು. ಅಣ್ಣ ಬರೋದು ಬೇಡ ಅಂದ ಕಥೆಯೊಳಗೆ ಅಣ್ಣನನ್ನ ಹಿತ್ತಲ ಬಾಗಿಲಿಂದ ಬಿಟ್ಟುಕೊಂಡ ಹಾಗಾಯ್ತು.

ಇಷ್ಟೆಲ್ಲಾ ಆ ಹುಡುಗನಿಗೂ ಹೇಳಿದೆ. ಕಾಫಿ ಆರಿಹೋಗಿತ್ತು. ಪೂರ್ತಿ ಕೇಳಿ, "ಸರಿ ಸಾರ್, ಟಾಡ್ ಕೋರ್ಟಿಗೆ ಹೋಗ್ಲಿ. ಆ ಜಾಶ್‌ಗಾದ್ರೂ ಒಂದೇ ಒಂದು ಏಟು ಕೊಡಬಾರದಿತ್ತಾ?" ಅಂದ.

ಆ ಒಂದು ಏಟಿನ ಮಟ್ಟಿಗೆ ನಾನೂ ಅವನ ಪಾರ್ಟಿ.