ನಮ್ಮ ಮನೆಯ ‘ಬೇಗ ಬೇಗ’

(ಲಸಿಕೆ ಹಾಕುವ ದಿನ ಹೊರರೋಗಿ ವಿಭಾಗದಲ್ಲಿ ನಮ್ಮ ಆಸ್ಪತ್ರೆಯ ಶುಶ್ರೂಷಾ ಶಿಕ್ಷಕಿಯವರು ಆಡಿದ ಮಾತುಗಳ ಬರಹರೂಪ)



ಟೋಕನ್ ಕೂಗಲು ಇನ್ನೂ ಸ್ವಲ್ಪ ಹೊತ್ತಿದೆ. ಹೊಸನಗರದ ಕಡೆಯಿಂದ ಮೊದಲ ಬಸ್ಸಿಗೇ ಹೊರಟು ಬಂದವರಿದ್ದೀರಿ, ತೀರ್ಥಹಳ್ಳಿಯಿಂದ ಬಂದವರಿದ್ದೀರಿ. ಯಾವಾಗಲೂ ನಾನು ಇಲ್ಲಿ ನಿಂತು ಲಸಿಕೆ, ವಾಂತಿಭೇದಿ, ಓಆರ್‌ಎಸ್ ಅಂತ ಹೇಳುತ್ತೇನೆ. ಇವತ್ತು ನನ್ನದೇ ಮನೆಯ ವಿಷಯ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಮಗಳಿಗೆ ಈಗ ಆರು ವರ್ಷ. ಹೋದ ಮಳೆಗಾಲದಲ್ಲಿ ಜೋರು ಮಳೆ ಅಂತ ಶಾಲೆಗೆ ರಜೆ ಕೊಟ್ಟಿದ್ದರು. ನಾನು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದೆ. ಎದ್ದು ನೋಡಿದರೆ ಜಗಲಿಯ ಮೂಲೆಯಲ್ಲಿ ಕರಟ ಇಟ್ಟುಕೊಂಡು ಅಡುಗೆ ಆಟ ಆಡುತ್ತಿದ್ದಾಳೆ. ಎದುರಿಗೆ ಗೊಂಬೆ. “ಎಂತ ಮಾಡ್ತಿದ್ದೀಯೆ ಪುಟ್ಟಿ?” ಅಂದೆ. “ಎಂತದೂ ಇಲ್ಲ, ನಾನು ಅಮ್ಮ ಆಗಿದ್ದೀನಿ” ಅಂದಳು. ಬಾಗಿಲ ಹಿಂದೆ ನಿಂತು ಕೇಳಿದೆ. ಅವಳು ಗೊಂಬೆಗೆ ಹೇಳುತ್ತಿದ್ದುದು ಇಷ್ಟೇ: “ಬೇಗ ಏಳು. ಬೇಗ ತಿನ್ನು. ಬೇಗ ಬೇಗ, ಆಟೋ ಬಂತು.” ಮತ್ತೆ ಮೊದಲಿನಿಂದ, “ಬೇಗ ಏಳು.” ಅವಳ ಆಟದಲ್ಲಿ ಅಮ್ಮನಿಗೆ ಬೇರೆ ಮಾತೇ ಇರಲಿಲ್ಲ.

ವಾರ್ಡಿನಲ್ಲಿ ನಿಮ್ಮ ಮಕ್ಕಳಿಗೆ ಔಷಧ ಕುಡಿಸುವಾಗ ನಾನು ಎಷ್ಟು ನಿಧಾನವಾಗಿ ಮಾತಾಡಿಸುತ್ತೇನೆ ಎಂಬುದನ್ನು ನೀವು ನೋಡಿದ್ದೀರಿ. ವಿದ್ಯಾರ್ಥಿನಿಯರಿಗೂ ಹಾಗೆಯೇ ಕಲಿಸುತ್ತೇನೆ. ಮನೆಗೆ ಹೋದ ಮೇಲೆ ಆ ತಾಳ್ಮೆಯಲ್ಲಿ ಏನೂ ಉಳಿದಿರುವುದಿಲ್ಲ. ಆ ದಿನ ನನಗೆ ಅಳು ಬಂತು ಎಂದರೆ ಸುಳ್ಳಲ್ಲ.

ಮಕ್ಕಳ ಬೆಳವಣಿಗೆಯ ಬಗ್ಗೆ ನಾವು ಓದಿದ್ದು ಹೀಗಿದೆ. ಹುಟ್ಟಿದ ಕೂಸಿಗೆ ಸುಮಾರು 20ರಿಂದ 30 ಸೆಂಟಿಮೀಟರ್ ದೂರದ್ದು ಮಾತ್ರ ಚೆನ್ನಾಗಿ ಕಾಣುತ್ತದೆ. ಹಾಲು ಕುಡಿಯುವಾಗ ಕೂಸಿಗೂ ತಾಯಿಯ ಮುಖಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ. ಕೂಸು ‘ಊಂ’ ಎಂದಾಗ ನಾವೂ ‘ಊಂ’ ಎಂದರೆ, ಬೆರಳು ತೋರಿಸಿದ ಕಡೆ ನಾವೂ ನೋಡಿದರೆ, ಅದರಿಂದಲೇ ಮಾತು ಕಲಿಯುತ್ತದೆ, ಬುದ್ಧಿ ಬೆಳೆಯುತ್ತದೆ. ಮೊಬೈಲ್ ಎಷ್ಟೇ ಹಾಡಿದರೂ ಕೂಸು ಕರೆದಾಗ ಓಗೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವುದೂ ಇದನ್ನೇ: ಒಂದು ವರ್ಷ ತುಂಬದ ಮಗುವಿಗೆ ಮೊಬೈಲ್, ಟಿ.ವಿ. ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ಊಟ ಮಾಡಿಸಲು ಮೊಬೈಲ್ ಕೊಡುವವರು ಇಲ್ಲಿಯೂ ಇದ್ದೀರಿ. ನಾನೂ ಕೊಟ್ಟವಳೇ.

“ಸಿಸ್ಟರ್, ನಮಗೆ ಪುರುಸೊತ್ತು ಎಲ್ಲಿದೆ?” ಅಂತೀರಿ. ನಿಜ. ಅಡಿಕೆ ಕೊಯ್ಲು ಶುರುವಾಯಿತು ಎಂದರೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಮಕ್ಕಳ ಮುಖ ನೋಡಲೂ ಹೊತ್ತಿರುವುದಿಲ್ಲ. ನಾನು ಹೊಸ ಕೆಲಸ ಹೇಳುತ್ತಿಲ್ಲ. ಹೇಗೂ ಮಾಡುವ ಕೆಲಸದಲ್ಲೇ ಒಂದನ್ನು ನಿಧಾನ ಮಾಡಿ. ನಾನು ಸ್ನಾನವನ್ನು ಆರಿಸಿಕೊಂಡೆ. ಬಚ್ಚಲೊಲೆಗೆ ಬೆಂಕಿ ಹಾಕಿ, ಹಂಡೆ ನೀರು ಕಾದ ಮೇಲೆ, ಅರ್ಧ ಗಂಟೆ ನಾನು ಅವಳವಳು. ಫೋನ್ ಅಡುಗೆ ಮನೆಯಲ್ಲಿ. ಹೊಗೆಗೆ ಕಣ್ಣುರಿ ಎಂದು ಅವಳು ಗೊಣಗುತ್ತಾಳೆ, ಶಾಲೆಯಲ್ಲಿ ಯಾರು ಯಾರ ಪೆನ್ಸಿಲ್ ಕದ್ದರು ಎಂಬುದೆಲ್ಲ ಅಲ್ಲೇ ಹೊರಗೆ ಬರುತ್ತದೆ. “ಹೋಂವರ್ಕ್ ಆಯ್ತಾ?” ಎಂದು ಕೇಳಿದರೆ ಮಾತ್ರ ಮಾತು ನಿಲ್ಲುತ್ತದೆ. ಹಾಗಾಗಿ ಅದನ್ನು ಬಚ್ಚಲಲ್ಲಿ ಕೇಳುವುದಿಲ್ಲ.

ನಮ್ಮ ಕಡೆಗೆ ಈ ಸ್ನಾನದಿಂದ ಇನ್ನೊಂದು ಉಪಯೋಗವಿದೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ನಮ್ಮನ್ನು ಇನ್ನೂ ಬಿಟ್ಟಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ದರಗು ತರಲು, ದನ ಹೊಡೆಯಲು ಕಾಡಿಗೆ ಹೋಗಿಬಂದ ಮಕ್ಕಳಿಗೆ ಬಿಸಿನೀರು, ಸೋಪಿನಲ್ಲಿ ಮೈ ತೊಳೆಯುವಾಗ ಕಿವಿಯ ಹಿಂದೆ, ಕಂಕುಳು, ತೊಡೆಸಂದು, ತಲೆಗೂದಲಿನಲ್ಲಿ ಉಣುಗು ಇದೆಯೇ ನೋಡಿ. ಮರಿ ಉಣುಗು ಬಹಳ ಸಣ್ಣದು, ಅವಸರದ ಕಣ್ಣಿಗೆ ಕಾಣುವುದಿಲ್ಲ. ಆ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಯಲ್ಲಿ ಕಾಯದೆ ಕರೆತನ್ನಿ.

ಕುಪ್ಪಳಿಯ ಕವಿಮನೆಯನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಕುವೆಂಪು ಅವರು ತಮ್ಮ ಬಾಲ್ಯದ ಮಲೆನಾಡನ್ನು ‘ಮಲೆನಾಡಿನ ಚಿತ್ರಗಳು’ ಎಂದು 1933ರಲ್ಲಿ ಪುಸ್ತಕ ಮಾಡಿದರು. ಮಗ ತೇಜಸ್ವಿ ಹುಟ್ಟಿದ್ದು 1938ರಲ್ಲಿ, ‘ಶ್ರೀ ರಾಮಾಯಣ ದರ್ಶನಂ’ ಅಚ್ಚಾಗಿ ಬಂದದ್ದು 1949ರಲ್ಲಿ. ಅಂದರೆ ಮಕ್ಕಳು ಮನೆತುಂಬ ಓಡಾಡುತ್ತಿದ್ದ ಕಾಲದಲ್ಲೇ ಆ ದೊಡ್ಡ ಕೆಲಸವೂ ನಡೆದಿತ್ತು. ಮುಂದೆ ತೇಜಸ್ವಿ ‘ಅಣ್ಣನ ನೆನಪು’ ಬರೆದರು, ಮಗಳು ತಾರಿಣಿಯವರು ‘ಮಗಳು ಕಂಡ ಕುವೆಂಪು’ ಬರೆದರು. ಓದಿ ನೋಡಿ. ಮಹಾಕವಿಗಿಂತ ಹೆಚ್ಚಾಗಿ ಮನೆಯೊಳಗಿನ ತಂದೆಯೇ ನಮಗೆ ಅಲ್ಲಿ ಸಿಗುತ್ತಾರೆ. ನನಗೆ ಆ ಪುಸ್ತಕ ಓದುವಾಗ ಬಂದ ಯೋಚನೆ ಬೇರೆ: ನನ್ನ ಮಗಳು ನನ್ನ ಬಗ್ಗೆ ಬರೆದರೆ ಎಷ್ಟು ಸಾಲಾದೀತು?

ಒಂದು ದಿನ ಚಾರ್ಟಿನ ಹಿಂದೆ ಲೆಕ್ಕ ಹಾಕಿದೆ. ಎಸ್‌ಎಸ್‌ಎಲ್‌ಸಿ ಮುಗಿಯುತ್ತಲೇ ನಮ್ಮ ಮಕ್ಕಳು ಶಿವಮೊಗ್ಗ, ಮಂಗಳೂರು ಎಂದು ಹಾಸ್ಟೆಲಿಗೆ ಹೋಗುತ್ತಾರೆ. ಆಮೇಲೆ ಬೆಂಗಳೂರು. ಹಬ್ಬಕ್ಕೆ ಬಂದರೆ ಬಂದರು. ನನ್ನ ಮಗಳಿಗೆ ಇನ್ನು ಹತ್ತು ವರ್ಷ, 3,650 ಸಂಜೆ. ಮೂರರಲ್ಲೊಂದು ಪಾಳಿಗೆ ಹೋಯಿತು, ಉಳಿದದ್ದು ಎರಡೂವರೆ ಸಾವಿರಕ್ಕೂ ಕಡಿಮೆ. ಇಬ್ಬರು ಮುದುಕರು ಮಾತ್ರ ಉಳಿದ ದೊಡ್ಡ ಮನೆಗಳು ನಿಮ್ಮ ಊರಲ್ಲೂ ಇವೆಯಲ್ಲ, ಹೊರರೋಗಿ ವಿಭಾಗಕ್ಕೆ ಅವರು ಬಿ.ಪಿ. ತೋರಿಸಲು ಬರುತ್ತಾರೆ. ಚೀಟಿ ಬರೆಯುವಾಗ ಅವರು ಹೇಳುವುದು ಮಗನ ಸಂಬಳವನ್ನಲ್ಲ. ಅಡಿಕೆ ಹಾಳೆಯ ಮೇಲೆ ಕೂರಿಸಿ ಅಂಗಳದಲ್ಲಿ ಎಳೆದದ್ದನ್ನು ಹೇಳುತ್ತಾರೆ.

ಸಿಗಂದೂರು ಕಡೆಯವರು ಯಾರಾದರೂ ಇದ್ದೀರಾ? 2025ರ ಜುಲೈನಲ್ಲಿ ಸೇತುವೆ ಆಗಿ ಬಹಳ ಒಳ್ಳೆಯದಾಯಿತು. ಹೆರಿಗೆ ನೋವಿನವರು, ಹಾವು ಕಡಿದವರು ಲಾಂಚಿಗೆ ಕಾದು ಕೂರುವುದು ತಪ್ಪಿತು. ಲಾಂಚಿನ ಕಾಲವೇ ಚೆನ್ನಾಗಿತ್ತು ಎಂದು ನರ್ಸ್ ಆಗಿ ನಾನಂತೂ ಹೇಳಲಾರೆ. ಆದರೂ ಹಿನ್ನೀರಿನ ದಡದಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು “ಅಗೋ ಬಂತು” ಎಂದು ತೋರಿಸುತ್ತಿದ್ದ ಅಪ್ಪಂದಿರು ನನಗೆ ಈಗಲೂ ನೆನಪಾಗುತ್ತಾರೆ.

ಒಳಗೆ ದಾಖಲಾಗಿರುವ ತಾಯಂದಿರಿಗೆ ಒಂದು ಮಾತು. ಮನೆಯಲ್ಲಿ ಮಕ್ಕಳನ್ನು ಬಿಟ್ಟು ಬಂದು ಸಂಕಟ ಪಡುತ್ತೀರಿ. ರಾತ್ರಿ ಅವರು ಮಲಗುವ ಹೊತ್ತಿಗೆ ಫೋನ್ ಮಾಡಿ, “ಇವತ್ತು ಎಂತ ನೋಡಿದೆ?” ಅಂತ ಒಂದೇ ಪ್ರಶ್ನೆ ಕೇಳಿ, ಮತ್ತೆ ಸುಮ್ಮನೆ ಕೇಳಿಸಿಕೊಳ್ಳಿ. ಕರು ಹಾಕಿದ್ದೋ, ಉಂಬಳ ಕಚ್ಚಿದ್ದೋ, ಏನಾದರೂ ಹೇಳುತ್ತಾರೆ. ಹೇಳದಿದ್ದರೂ ತೊಂದರೆ ಇಲ್ಲ, ಉಸಿರಾದರೂ ಕೇಳುತ್ತದೆ.

ಓ, ಲಸಿಕೆ ಕೋಣೆಯ ಬಾಗಿಲು ತೆಗೆದರು. ತಾಯಿ ಕಾರ್ಡ್ ಕೈಯಲ್ಲಿ ಹಿಡಿದುಕೊಳ್ಳಿ. ಚುಚ್ಚುವಾಗ ಮಗುವನ್ನು ಮಂಚದ ಮೇಲೆ ಮಲಗಿಸಬೇಡಿ, ತೊಡೆಯ ಮೇಲೆ ಎದೆಗೊರಗಿಸಿ ಹಿಡಿದುಕೊಳ್ಳಿ. ಸಣ್ಣ ಕೂಸಾದರೆ ಹಾಲು ಕುಡಿಸುತ್ತಲೇ ಇರಿ, ನೋವು ಕಡಿಮೆ ಗೊತ್ತಾಗುತ್ತದೆ. ಆದ ಮೇಲೆ ಅರ್ಧ ಗಂಟೆ ಇಲ್ಲೇ ಕೂರಬೇಕು. ಬಸ್ಸಿಗೆ ಅವಸರ ಮಾಡಬೇಡಿ, ಮಧ್ಯಾಹ್ನ ಇನ್ನೊಂದಿದೆ.